‘ಸ್ಟಾರ್ ಟ್ರೆಕ್’ ಮತ್ತೆ ನೋಡೋಣ, ಮೊದಲ ಸೀಸನ್: ಈ ವಾರ ‘ದಿ ಡೆವಿಲ್ ಇನ್ ದಿ ಡಾರ್ಕ್’

ಭಾನುವಾರದ ಬೆಳಗು

ಎಲ್ಲರಿಗೂ ನಮಸ್ಕಾರ. ಈ ವಾರದ ಕಂತು ಇನ್ನೂ ನೋಡದೇ ಇದ್ದವರು ದಯವಿಟ್ಟು ನೋಡಿ ಬನ್ನಿ. ಕೊನೆಯ ತಿರುವನ್ನು ಮುಟ್ಟದೆ ಇದರ ಬಗ್ಗೆ ಮಾತಾಡೋಕೆ ಆಗುವುದಿಲ್ಲ.

ಇದು ಅಮೆರಿಕದ ಎನ್‌ಬಿಸಿಯಲ್ಲಿ 1967ರ ಮಾರ್ಚ್ 9ರಂದು ಮೊದಲ ಸಲ ಪ್ರಸಾರವಾಯಿತು. ಬರೆದವರು ಜೀನ್ ಎಲ್. ಕೂನ್. ಜೇನಸ್ 6 ಎಂಬ ಗ್ರಹದಲ್ಲಿ ಗಣಿ ಇದೆ. ಅಲ್ಲಿ ಪರ್ಜಿಯಂ ಅನ್ನೋ ಖನಿಜ ತೆಗೆಯುತ್ತಾರೆ. ಎಷ್ಟೋ ಗ್ರಹಗಳ ರಿಯಾಕ್ಟರ್‌ಗಳು ಅದನ್ನೇ ನಂಬಿಕೊಂಡಿವೆ. ಗಣಿಯಲ್ಲಿ ಹೊಸ ಲೆವೆಲ್ ತೆರೆದ ಮೇಲೆ ಯಾವುದೋ ಪ್ರಾಣಿ ಕೆಲಸಗಾರರನ್ನು ಕೊಲ್ಲಲು ಶುರು ಮಾಡಿದೆ. ಐವತ್ತಕ್ಕೂ ಜಾಸ್ತಿ ಜನ ಸುಟ್ಟು ಕರಕಲಾಗಿದ್ದಾರೆ. ಎಂಟರ್‌ಪ್ರೈಸ್ ಅನ್ನೋ ಬಾಹ್ಯಾಕಾಶ ಹಡಗಿನ ಕ್ಯಾಪ್ಟನ್ ಕರ್ಕ್, ಅವನ ಸಹಾಯಕ ಅಧಿಕಾರಿ ಸ್ಪಾಕ್, ಡಾಕ್ಟರ್ ಮೆಕಾಯ್ ಮೂವರೂ ಅಲ್ಲಿ ಇಳಿಯುತ್ತಾರೆ. ಗಣಿಯ ಮುಖ್ಯಸ್ಥ ವ್ಯಾಂಡರ್‌ಬರ್ಗ್‌ನ ಮೇಜಿನ ಮೇಲೆ ಒಂದು ದುಂಡನೆಯ ಸಿಲಿಕಾನ್ ಗುಂಡು ಇರುತ್ತದೆ. ಸ್ಪಾಕ್ ಕಣ್ಣು ಅದರ ಮೇಲೆ ಬೀಳುತ್ತದೆ. ಇಂಥವು ಸಾವಿರಾರು ಇವೆ, ಕೆಲಸಕ್ಕೆ ಬಾರದವು ಅಂತಾನೆ ವ್ಯಾಂಡರ್‌ಬರ್ಗ್. ಅವೆಲ್ಲ ಮೊಟ್ಟೆಗಳು. ಕೊಲ್ಲುತ್ತಿದ್ದದ್ದು ತಾಯಿ.

ನಾನು ಇದನ್ನು ಮೊದಲು ನೋಡಿದ್ದು ಎಂಬತ್ತರ ದಶಕದಲ್ಲಿ, ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಸ್ಟಾರ್ ಟ್ರೆಕ್’ ಬರುತ್ತಿದ್ದ ಕಾಲದಲ್ಲಿ. ಆಗ ಇಂಗ್ಲಿಷ್ ಅರ್ಧಂಬರ್ಧ ತಿಳಿಯುತ್ತಿತ್ತು. ಇನ್ನೊಬ್ಬರ ಮನಸ್ಸನ್ನು ಮುಟ್ಟಿ ತಿಳಿಯಬಲ್ಲ ಸ್ಪಾಕ್ ಬಂಡೆಯಂಥ ಪ್ರಾಣಿಯ ಮೇಲೆ ಕೈಯಿಟ್ಟು ‘ನೋವು’ ಅಂತ ಕೂಗಿದ್ದಕ್ಕೆ ಭಾಷೆ ಬೇಕಾಗಲಿಲ್ಲ.

ಈ ಸಲ ನೋಡುವಾಗ ಕಣ್ಣಿಗೆ ಬಿದ್ದದ್ದು ಬೇರೆ. ಶುರುವಿನಲ್ಲಿ ಪ್ರಾಣಿಯನ್ನು ಕೊಂದೇ ಬಿಡಬೇಕು ಅನ್ನುವವನು ಕರ್ಕ್. ಜೀವಂತ ಹಿಡಿಯಲು ಆಗುತ್ತಾ ನೋಡೋಣ, ಈ ಜಾತಿಯಲ್ಲಿ ಉಳಿದಿರುವುದು ಇದೊಂದೇ ಇರಬಹುದು ಅನ್ನುವವನು ಸ್ಪಾಕ್. ಆಮೇಲೆ ಸುರಂಗ ಕುಸಿದು ಕರ್ಕ್ ಒಬ್ಬನೇ ಅದರ ಎದುರು ಸಿಕ್ಕಿಬೀಳುತ್ತಾನೆ. ಕಮ್ಯುನಿಕೇಟರ್‌ನಲ್ಲಿ ಸ್ಪಾಕ್ ‘ಕೊಂದುಬಿಡಿ ಕ್ಯಾಪ್ಟನ್, ಬೇಗ’ ಅನ್ನುತ್ತಾನೆ. ಕರ್ಕ್ ಗುಂಡು ಹಾರಿಸುವುದಿಲ್ಲ. ಪ್ರಾಣಿ ಸುಮ್ಮನೆ ನಿಂತಿದೆ, ನಾನೂ ಸುಮ್ಮನಿರುತ್ತೇನೆ ಅಂತ ಕೂರುತ್ತಾನೆ. ಇಬ್ಬರ ಮಾತೂ ಪೂರ್ತಿ ಅದಲುಬದಲಾಯಿತು, ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸ್ನೇಹಿತನ ಪ್ರಾಣ ಅಂತ ಬಂದ ತಕ್ಷಣ ಸ್ಪಾಕ್‌ನ ತತ್ವ ಹಿಂದೆ ಸರಿಯಿತು. ಎದುರಿಗೆ ಕಣ್ಣಾರೆ ಕಂಡ ತಕ್ಷಣ ಕರ್ಕ್‌ನ ಸಿಟ್ಟು ಇಳಿಯಿತು. ಐವತ್ತು ನಿಮಿಷದ ಕಂತಿನಲ್ಲಿ ಇಷ್ಟು ಒಳ್ಳೆಯ ಬರವಣಿಗೆ! ನಿಮಗೆ ಏನನ್ನಿಸಿತು ಬರೆಯಿರಿ.

ರಂಗಸಜ್ಜಿಕೆ

ಸರ್, ಆ ಪ್ರಾಣಿಯ ಬಗ್ಗೆ ನಾನು ಹೇಳಲೇಬೇಕು. ಹಾರ್ಟಾ ಅಂತ ಅದರ ಹೆಸರು. ಆ ವೇಷದ ಒಳಗೆ ಇದ್ದವರು ಯಾನೋಶ್ ಪ್ರೊಹಾಸ್ಕಾ, ಹಂಗೇರಿ ಮೂಲದ ಸ್ಟಂಟ್ ಕಲಾವಿದ. ವೇಷ ಮಾಡಿದ್ದೂ ಅವರೇ. ಸಾಮಾನ್ಯವಾಗಿ ಮೊದಲು ಕಥೆ, ಆಮೇಲೆ ವೇಷ. ಇಲ್ಲಿ ಉಲ್ಟಾ. ಅವರು ಆ ವೇಷ ತೊಟ್ಟು ತೆವಳಿ ತೋರಿಸಿದ್ದನ್ನು ನೋಡಿ ಕೂನ್ ಕಥೆ ಬರೆದರು.

ನಾನು ನಾಟಕದ ಹಿಂದಿನ ಕೆಲಸ ಮಾಡುವವಳು. ಇಂಥ ವೇಷದಲ್ಲಿ ಮುಖ ಇಲ್ಲ, ಕಣ್ಣಿಲ್ಲ, ಕೈಕಾಲು ಕಾಣುವುದಿಲ್ಲ. ನಟನಿಗೆ ಉಳಿದಿರುವುದು ಚಲನೆ ಒಂದೇ. ಆ ಪ್ರಾಣಿ ಗಾಯವನ್ನು ಕರ್ಕ್‌ಗೆ ತೋರಿಸಲು ನಿಧಾನಕ್ಕೆ ತಿರುಗುವುದನ್ನು ಮತ್ತೊಮ್ಮೆ ನೋಡಿ. ಮುಂದೆ ಬರುವಾಗ ಒಂದು ವೇಗ, ತಿರುಗುವಾಗ ಇನ್ನೊಂದು. ಹಿಂದೆ ಸರಿಯುವಾಗ ಅಂಚು ನಡುಗುತ್ತದೆ. ಮಂಡಿಯೂರಿ, ಏನೂ ಕಾಣದೆ, ಅಷ್ಟು ಭಾರ ಹೊತ್ತು ಒಬ್ಬ ಮನುಷ್ಯ ಇದನ್ನು ಮಾಡಿದ್ದಾನೆ. ಆ ಕಂತಿನ ದೊಡ್ಡ ನಟನೆ ಅದು ಅಂತ ನನ್ನ ಅಭಿಪ್ರಾಯ.

ಗುಹೆಯ ನೆಲ ಸ್ಟುಡಿಯೋ ನೆಲದ ಹಾಗೆ ಸಪಾಟಾಗಿದೆ ಅಂತ ತುಂಬ ಜನ ಆಡಿಕೊಳ್ಳುತ್ತಾರೆ. ಹೌದು, ಸಪಾಟಾಗಿದೆ. ಆದರೆ ಪ್ರೊಹಾಸ್ಕಾ ಅದರ ಮೇಲೆ ತೆವಳಬೇಕಿತ್ತು. ಕಲ್ಲುಮಣ್ಣು ಹಾಕಿದ್ದರೆ ಹಾರ್ಟಾ ಅಷ್ಟು ನುಣುಪಾಗಿ ಚಲಿಸುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ. ಈ ಕಂತಿನ ಚಿತ್ರೀಕರಣದ ಸಮಯದಲ್ಲೇ ಕರ್ಕ್ ಪಾತ್ರ ಮಾಡಿದ ವಿಲಿಯಂ ಶಾಟ್ನರ್ ಅವರ ತಂದೆ ತೀರಿಕೊಂಡರು. ಮುಂದೆ ಅವರು ತಮ್ಮ ಇಷ್ಟದ ಕಂತು ಅಂತ ಹೇಳಿದ್ದೂ ಇದನ್ನೇ.

ಕೆಜಿಎಫ್ ಹುಡುಗ

ನಾನು ಸ್ವಲ್ಪ ಬೇರೆ ಕಡೆಯಿಂದ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಹುಟ್ಟಿ ಬೆಳೆದದ್ದು ಕೆಜಿಎಫ್‌ನಲ್ಲಿ. ಅಪ್ಪ ಅಂಡರ್‌ಗ್ರೌಂಡ್ ಕೆಲಸ ಮಾಡುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ನಮ್ಮ ಊರಿನ ಗಡಿಯಾರ ಅಂದರೆ ಶಿಫ್ಟ್ ಸೈರನ್. ಅಲ್ಲಿಯ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ರಾಕ್ ಬರ್ಸ್ಟ್ ಆದರೆ, ಅಂದರೆ ಒತ್ತಡಕ್ಕೆ ಬಂಡೆ ಸಿಡಿದರೆ, ಮೇಲೆ ಮನೆಯಲ್ಲಿ ಪಾತ್ರೆ ಅಲುಗಾಡುತ್ತಿತ್ತು. ಹೊತ್ತಲ್ಲದ ಹೊತ್ತಿನಲ್ಲಿ ಸದ್ದಾದರೆ ಹೆಂಗಸರೆಲ್ಲ ಶಾಫ್ಟ್ ಹತ್ತಿರ ಓಡುತ್ತಿದ್ದರು.

ಆದ್ದರಿಂದ ಈ ಕಂತು ನೋಡುವಾಗ ನನಗೆ ಮೊದಲು ಕಾಣುವುದು ಗಣಿ ಕೆಲಸಗಾರರು. ಎಲ್ಲರೂ ಹಾರ್ಟಾ ತಾಯಿಯ ಬಗ್ಗೆ ಬರೆಯುತ್ತೀರಿ, ಬರೆಯಲೇಬೇಕು. ಆದರೆ ಕಂತಿನ ಮೊದಲ ದೃಶ್ಯ ಜ್ಞಾಪಿಸಿಕೊಳ್ಳಿ. ಕರ್ಕ್ ಇಲ್ಲ, ಹಡಗಿಲ್ಲ. ಕಾವಲಿಗೆ ಒಬ್ಬನನ್ನು ನಿಲ್ಲಿಸಿ ಉಳಿದವರು ಹೊರಡುತ್ತಾರೆ. ನಿಂತವನಿಗೆ ತಾನು ಉಳಿಯುವುದಿಲ್ಲ ಅಂತ ಗೊತ್ತು. ಆ ಮುಖ ನನಗೆ ಗೊತ್ತಿರುವ ಮುಖ. ಕೊನೆಗೆ ಅವರೆಲ್ಲ ದೊಣ್ಣೆ ಹಿಡಿದು ಕಾವಲಿನವರನ್ನು ತಳ್ಳಿಕೊಂಡು ನುಗ್ಗುವುದನ್ನು ಕೆಟ್ಟವರು ನುಗ್ಗಿದರು ಅಂತ ಕೂನ್ ತೋರಿಸುವುದಿಲ್ಲ. ಜೊತೆಯವರು ಸತ್ತಿದ್ದಾರೆ, ಆ ಸಿಟ್ಟು. ಇವು ಮೊಟ್ಟೆ ಅಂತ ಕರ್ಕ್ ಹೇಳಿದ ಕೂಡಲೇ ವ್ಯಾಂಡರ್‌ಬರ್ಗ್ ನಮಗೆ ಗೊತ್ತಿರಲಿಲ್ಲ ಅನ್ನುತ್ತಾನೆ. ಗೊತ್ತಿದ್ದರೆ ಮಾಡುತ್ತಿರಲಿಲ್ಲ ಅನ್ನೋದು ಆ ದನಿಯಲ್ಲೇ ಇದೆ.

ನನ್ನ ತಕರಾರು ಇರುವುದು ಕೊನೆಯ ಒಪ್ಪಂದದಲ್ಲಿ. ಹಾರ್ಟಾ ಮರಿಗಳು ಸುರಂಗ ಕೊರೆಯುತ್ತವೆ, ಮನುಷ್ಯರು ಖನಿಜ ತೆಗೆದುಕೊಳ್ಳುತ್ತಾರೆ, ಎಲ್ಲರೂ ಖುಷಿ. ಹಾರ್ಟಾಗೆ ಏನು ಸಿಕ್ಕಿತು? ಅದರ ಮಕ್ಕಳನ್ನು ಕೊಲ್ಲುವುದಿಲ್ಲ ಅನ್ನೋ ಮಾತು ಸಿಕ್ಕಿತು. ಅಷ್ಟೇ. ಗ್ರಹ ಅದರದ್ದು. ಗಣಿ ಆಡಳಿತ ಮನುಷ್ಯರದ್ದು. ಲಾಭ ಮನುಷ್ಯರದ್ದು. ಕೆಲಸ ಹಾರ್ಟಾದ್ದು.

ಕೆಮಿಸ್ಟ್ರಿ ಮೇಷ್ಟ್ರು

ಕೆಜಿಎಫ್ ತಮ್ಮಾ, ನಿನ್ನ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಅದು ದೊಡ್ಡದು. ಮೊದಲು ನನ್ನ ಪಾಠ.

ಸಿಲಿಕಾನ್ ಜೀವಿ ಅಸಾಧ್ಯ, ಅದರಲ್ಲೂ ಆಕ್ಸಿಜನ್ ಇರುವ ಕಡೆ ಅಸಾಧ್ಯ ಅಂತ ಡಾಕ್ಟರ್ ಮೆಕಾಯ್ ಹೇಳುತ್ತಾನಲ್ಲ, ರಸಾಯನಶಾಸ್ತ್ರದ ಲೆಕ್ಕದಲ್ಲಿ ಅವನ ಮಾತು ಸರಿ. ಕಾರ್ಬನ್ ಮತ್ತು ಸಿಲಿಕಾನ್ ಆವರ್ತ ಕೋಷ್ಟಕದಲ್ಲಿ ಮೇಲೆ ಕೆಳಗೆ ಕೂತಿವೆ. ಎರಡಕ್ಕೂ ನಾಲ್ಕು ಬಂಧ. ಹಾಗಾಗಿ ಕಾರ್ಬನ್ ಮಾಡುವುದನ್ನೆಲ್ಲ ಸಿಲಿಕಾನೂ ಮಾಡಬಹುದು ಅಂತ ಅನ್ನಿಸುತ್ತದೆ. ಆದರೆ ಸಿಲಿಕಾನ್ ಪರಮಾಣುಗಳು ತಮ್ಮತಮ್ಮಲ್ಲಿ ಕಟ್ಟುವ ಸರಪಳಿ ದುರ್ಬಲ. ಆಕ್ಸಿಜನ್ ಕಂಡರೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಬಿಡುವುದೇ ಇಲ್ಲ. ನಾವು ಉಸಿರು ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಅನಿಲವಾಗಿ ಹೊರಗೆ ಹೋಗುತ್ತದೆ. ಸಿಲಿಕಾನ್ ಡೈಆಕ್ಸೈಡ್ ಅಂದರೆ ಬೆಣಚುಕಲ್ಲು, ಮರಳು. ಸಿಲಿಕಾನ್ ಜೀವಿ ಉಸಿರಾಡಿದರೆ ಮರಳು ಹೊರಹಾಕಬೇಕು.

ಭೂಮಿಯ ಹೊರಪದರದ ತೂಕದಲ್ಲಿ ಕಾಲುಭಾಗಕ್ಕೂ ಜಾಸ್ತಿ ಸಿಲಿಕಾನೇ. ಅಷ್ಟು ರಾಶಿ ಬಿದ್ದಿದ್ದರೂ ಜೀವ ಆರಿಸಿಕೊಂಡದ್ದು ಕಾರ್ಬನ್ ಅನ್ನು. ಹಾಗಂತ ಸಿಲಿಕಾನ್ ಪೂರ್ತಿ ಹೊರಗೆ ಉಳಿದಿಲ್ಲ. ಡಯಾಟಮ್ ಅನ್ನೋ ಸಣ್ಣ ಪಾಚಿಗಳು ಸಿಲಿಕಾದಿಂದಲೇ ಚಿಪ್ಪು ಕಟ್ಟಿಕೊಳ್ಳುತ್ತವೆ. ಗದ್ದೆಯಲ್ಲಿ ಭತ್ತದ ಗರಿ ಕೈ ಕೊಯ್ಯುತ್ತದಲ್ಲ, ಅದರಲ್ಲೂ ಸಿಲಿಕಾ ಇದೆ. ಭತ್ತದ ಹೊಟ್ಟು ಸುಟ್ಟರೆ ಉಳಿಯುವ ಬೂದಿಯಲ್ಲಿ ಹೆಚ್ಚಿನದು ಅದೇ.

ಕೂನ್ ವಿಜ್ಞಾನಿ ಅಲ್ಲ. ಆದರೆ ಆಕ್ಷೇಪವನ್ನು ಮೆಕಾಯ್ ಬಾಯಲ್ಲಿ ಮೊದಲೇ ಹೇಳಿಸಿಬಿಟ್ಟರು. ಪ್ರೇಕ್ಷಕನಿಗೆ ಗೌರವ ಕೊಟ್ಟು ಕಥೆ ಹೇಳುವುದು ಅಂದರೆ ಇದು. ಕೊನೆಗೆ ಗಾಯಕ್ಕೆ ಮದ್ದು ಏನು? ಥರ್ಮಲ್ ಕಾಂಕ್ರೀಟ್. ತುರ್ತು ಆಶ್ರಯ ಕಟ್ಟುವ ಗಾರೆ. ಅದರಲ್ಲೂ ಹೆಚ್ಚು ಸಿಲಿಕಾನ್ ಇದೆ, ಅದಕ್ಕೇ ಹಾರ್ಟಾಗೆ ಹಿಡಿಯಿತು ಅಂತ ಮೆಕಾಯ್ ಹೇಳುತ್ತಾನೆ. ಒಂದಕ್ಕೊಂದು ಸೇರಿಕೊಳ್ಳುತ್ತದೆ.

ಮೊದಲ ಸಲ ನೋಡ್ತಿರೋಳು

ಎಲ್ಲರಿಗೂ ನಮಸ್ತೆ. ನಾನು ಈ ಸರಣಿಯನ್ನು ನಿಮ್ಮ ಜೊತೆಯಲ್ಲೇ ಮೊದಲ ಸಲ ನೋಡುತ್ತಿದ್ದೇನೆ. ಕಂತು ತುಂಬ ಇಷ್ಟ ಆಯಿತು. ಹಾರ್ಟಾ ಬಂಡೆಯ ಮೇಲೆ ‘ಕೊಲ್ಲಬೇಡ’ ಅನ್ನೋ ಅರ್ಥ ಬರುವ ಹಾಗೆ ಅಕ್ಷರ ಸುಟ್ಟು ಬರೆದಾಗ ಅತ್ತುಬಿಟ್ಟೆ.

ಆದರೆ ಒಂದು ವಿಷಯ ಚುಚ್ಚುತ್ತಿದೆ. ಇಡೀ ಕಂತಿನಲ್ಲಿ ಮಾತಾಡುವ ಹೆಂಗಸು ಒಬ್ಬಳೂ ಇಲ್ಲ. ಹಡಗಿನ ಸಂಪರ್ಕ ಅಧಿಕಾರಿ ಉಹುರಾ ಇಲ್ಲ. ಗಣಿಯಲ್ಲಿ ಬರೀ ಗಂಡಸರು. ಕಥೆಯೆಲ್ಲ ಒಬ್ಬ ತಾಯಿಯದ್ದು, ಆ ತಾಯಿಯ ಮಾತೂ ಸ್ಪಾಕ್ ಬಾಯಿಂದಲೇ ಬರಬೇಕು. ಇದನ್ನು ನೀವ್ಯಾರೂ ಹೇಳಲಿಲ್ಲ ಅಂತ ಆಶ್ಚರ್ಯ ಆಯಿತು.

ಇನ್ನೊಂದು ಸಣ್ಣ ಪ್ರಶ್ನೆ: ಹೊಸ ಗ್ರಾಫಿಕ್ಸ್ ಹಾಕಿರುವ ಪ್ರತಿ ನೋಡಬೇಕಾ, ಹಳೆಯದನ್ನೇ ನೋಡಬೇಕಾ?

ಬೇ ಏರಿಯಾ ಅಕ್ಕ

ಸರಿಯಾಗಿ ಹಿಡಿದೆ ನೋಡಮ್ಮಾ. ನಾನು ಎಷ್ಟೋ ವರ್ಷದಿಂದ ಹೇಳುತ್ತಾ ಬಂದಿರುವ ಮಾತು ಇದು.

ಉಹುರಾ ಪಾತ್ರ ಮಾಡಿದ ನಿಶೆಲ್ ನಿಕೋಲ್ಸ್ ಅವರಿಗೆ ಮೊದಲ ಸೀಸನ್‌ನಲ್ಲೇ ಬೇಸರ ಬಂದಿತ್ತು. ಸಾಲುಗಳು ಕಡಿಮೆಯಾಗುತ್ತಿದ್ದವು. ಬಿಟ್ಟು ಹೋಗಬೇಕು ಅಂತ ನಿರ್ಧಾರ ಮಾಡಿದ್ದರು. ಆಗ ಒಂದು ಕಾರ್ಯಕ್ರಮದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸಿಕ್ಕು, ನೀವು ಬಿಡಬಾರದು, ಕರಿಯ ಹೆಣ್ಣುಮಗಳೊಬ್ಬಳು ಅಷ್ಟು ಘನತೆಯ ಸ್ಥಾನದಲ್ಲಿ ಟಿವಿಯಲ್ಲಿ ಕಾಣುವುದು ಇಲ್ಲೇ ಅಂತ ಒತ್ತಾಯ ಮಾಡಿದರು. ಅವರು ಉಳಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಹೆಣ್ಣುಮಕ್ಕಳನ್ನೂ ಕರಿಯರನ್ನೂ ಗಗನಯಾತ್ರಿ ಕೆಲಸಕ್ಕೆ ಕರೆತರಲು ನಾಸಾ ಜೊತೆ ಓಡಾಡಿದವರೂ ಅವರೇ.

ಬರೆಯುವ ಕಡೆ ಡಿ. ಸಿ. ಫಾಂಟಾನಾ ಇದ್ದರು, ಅವರ ಹೆಸರು ಡೊರೊಥಿ. ಎರಡನೇ ಸೀಸನ್‌ನ ‘ಜರ್ನಿ ಟು ಬೇಬಲ್’ ಅವರದ್ದು. ಸ್ಪಾಕ್‌ನ ಅಪ್ಪ ಅಮ್ಮ ಬರುವ ಕಂತು. ಅಲ್ಲಿ ತಾಯಿ ತನ್ನ ಬಾಯಿಂದಲೇ ಮಾತಾಡುತ್ತಾಳೆ, ಮಗನ ಕೆನ್ನೆಗೆ ಹೊಡೆಯುತ್ತಾಳೆ ಕೂಡ. ಅದು ಬಂದಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡೋಣ.

ಪ್ರತಿಯ ವಿಷಯಕ್ಕೆ ಬಂದರೆ, 2006ರಿಂದ ಹೊಸ ಗ್ರಾಫಿಕ್ಸ್ ಹಾಕಿದ ಪ್ರತಿ ಬಂತು. ಈ ಕಂತು ಹೆಚ್ಚಾಗಿ ಸುರಂಗದೊಳಗೇ ನಡೆಯುವುದರಿಂದ ಅಂಥ ವ್ಯತ್ಯಾಸ ಇಲ್ಲ. ಬೇರೆ ಕಂತುಗಳಲ್ಲಿ ನಾನು ಹಳೆಯದನ್ನೇ ನೋಡು ಅನ್ನುತ್ತೇನೆ. ಆಗಿನ ಹಡಗು ಹನ್ನೊಂದು ಅಡಿ ಉದ್ದದ ಮಾದರಿ. ಈಗ ವಾಷಿಂಗ್ಟನ್‌ನ ವಾಯು ಮತ್ತು ಬಾಹ್ಯಾಕಾಶ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಎದುರು ನಿಂತರೆ ಮರದ ಮೇಲೆ ಬಣ್ಣ ಹಚ್ಚಿದ ಕೈಗಳ ಕೆಲಸ ಕಾಣುತ್ತದೆ. ಅದನ್ನು ಕಂಪ್ಯೂಟರ್ ಚಿತ್ರದಿಂದ ಮುಚ್ಚುವುದು ನನಗೆ ಇಷ್ಟವಿಲ್ಲ.

ಭಾನುವಾರದ ಬೆಳಗು

ಅಕ್ಕ, ಮಾದರಿ ಹಡಗಿನ ವಿಷಯದಲ್ಲಿ ನಾನು ನಿಮ್ಮ ಪಕ್ಷ.

ಈಗ ಕೆಜಿಎಫ್ ಹುಡುಗನ ಪ್ರಶ್ನೆ. ಅದನ್ನು ಓದಿದ ಮೇಲೆ ಈ ಸೀಸನ್‌ನ ‘ಅರೀನಾ’ ಕಂತನ್ನು ಮತ್ತೆ ನೋಡಿದೆ. ಅದು ಇದಕ್ಕಿಂತ ಮೊದಲು, 1967ರ ಜನವರಿ 19ರಂದು ಬಂದದ್ದು. ಚಿತ್ರಕಥೆ ಅದೇ ಕೂನ್. ಸೆಸ್ಟಸ್ 3 ಎಂಬ ಮನುಷ್ಯರ ವಸಾಹತನ್ನು ಗಾರ್ನ್ ಅನ್ನೋ ಜೀವಿಗಳು ನಾಶ ಮಾಡುತ್ತವೆ. ಕರ್ಕ್ ಸೇಡಿಗಾಗಿ ಬೆನ್ನಟ್ಟುತ್ತಾನೆ. ಬಿದಿರಿನ ಕೊಳವೆಗೆ ಗಂಧಕ, ಪೆಟ್ಲುಪ್ಪು, ಇದ್ದಲು, ವಜ್ರದ ಹರಳು ತುಂಬಿ ಫಿರಂಗಿ ಮಾಡುವುದನ್ನು ಮಾತ್ರ ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಆದರೆ ಅದರ ಹೊಟ್ಟೆಯಲ್ಲಿರುವ ವಿಷಯ ಏನು? ಆ ಜಾಗ ನಮ್ಮದು, ನೀವು ನುಗ್ಗಿದಿರಿ ಅಂತ ಗಾರ್ನ್ ಹೇಳುತ್ತದೆ. ಅದು ನಿಜ ಇರಬಹುದು ಅಂತ ಕರ್ಕ್‌ಗೂ ಮೆಕಾಯ್‌ಗೂ ತಡವಾಗಿ ಹೊಳೆಯುತ್ತದೆ.

ಎರಡು ತಿಂಗಳೊಳಗೆ ಅದೇ ಲೇಖಕ ಮತ್ತೆ ಅದೇ ಕಡೆಗೆ ಬಂದಿದ್ದಾರೆ. ‘ಅರೀನಾ’ದಲ್ಲಿ ಮನುಷ್ಯರು ಬಂದು ಮನೆ ಕಟ್ಟಿದ ನೆಲ ಇನ್ನೊಬ್ಬರದ್ದು. ಇಲ್ಲಿ ಮನುಷ್ಯರು ಅಗೆಯುತ್ತಿರುವ ಬಂಡೆ ಇನ್ನೊಬ್ಬರ ಬಾಣಂತಿ ಕೋಣೆ. ಈ ಜಾಗ ಯಾರದ್ದು ಅಂತ ಕೂನ್ ಕೇಳುತ್ತಲೇ ಇದ್ದರು ಅಂತ ನನಗೆ ಅನ್ನಿಸುತ್ತದೆ. ಅರವತ್ತರ ದಶಕದ ಅಮೆರಿಕದಲ್ಲಿ, ವಿಯೆಟ್ನಾಂ ಯುದ್ಧ ಜೋರಾಗಿದ್ದಾಗ, ಜಾಹೀರಾತುಗಳ ನಡುವೆ ಬರುವ ಧಾರಾವಾಹಿಯಲ್ಲಿ ಇದನ್ನು ಕೇಳುವುದು ಸಣ್ಣ ಮಾತಲ್ಲ.

ಉತ್ತರ ಪೂರ್ತಿ ಕೊಟ್ಟಿಲ್ಲ ಅನ್ನೋದನ್ನು ಒಪ್ಪುತ್ತೇನೆ. ಗಣಿ ಮುಚ್ಚಿ ಹೊರಡಿ ಅಂತ ಕರ್ಕ್ ಹೇಳುವುದಿಲ್ಲ. ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ.

ಕೆಮಿಸ್ಟ್ರಿ ಮೇಷ್ಟ್ರು

ನನ್ನ ಮಟ್ಟಿಗೆ ಒಪ್ಪಂದ ಅಷ್ಟು ಅನ್ಯಾಯದ್ದಲ್ಲ. ಹಾರ್ಟಾಗೆ ಪರ್ಜಿಯಂ ಬೇಡ. ಚಿನ್ನ, ಪ್ಲಾಟಿನಂ ಯಾವುದೂ ಬೇಡ. ಅದು ಬಂಡೆ ತಿನ್ನುತ್ತದೆ, ಸುರಂಗ ಅದಕ್ಕೆ ನಡೆಯುವ ದಾರಿ. ಮನುಷ್ಯರು ಇರಲಿ ಬಿಡಲಿ ಅದು ಕೊರೆಯುತ್ತಲೇ ಇರುತ್ತದೆ. ಹಾಗಿದ್ದ ಮೇಲೆ ಅದನ್ನು ದುಡಿಮೆ ಅಂತ ಹೇಗೆ ಕರೆಯೋದು?

ಐವತ್ತು ಸಾವಿರ ವರ್ಷಕ್ಕೊಮ್ಮೆ ಇಡೀ ಜಾತಿ ಸತ್ತು, ಒಂದು ಮಾತ್ರ ಉಳಿದು ಎಲ್ಲ ಮೊಟ್ಟೆ ಕಾಯುತ್ತದೆ. ಅಂಥ ಒಂಟಿ ಜೀವಕ್ಕೆ ನೆರೆಹೊರೆ ಸಿಕ್ಕಿತು, ಗಾಯಕ್ಕೆ ವೈದ್ಯ ಸಿಕ್ಕಿದ. ಅದೂ ಲಾಭ ಅಲ್ವಾ?

ಕೆಜಿಎಫ್ ಹುಡುಗ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅವರಿಗೆ ಅದು ಬೇಡ ಅನ್ನೋ ಮಾತನ್ನು ನಾವು ಬೇರೆ ಕಡೆಯೂ ಕೇಳಿದ್ದೇವೆ. ಕಾಡಿನವರಿಗೆ ಅದಿರು ಯಾಕೆ ಬೇಕು ಅಂತ ಹೇಳಿಯೇ ಎಷ್ಟೋ ಬೆಟ್ಟ ಅಗೆದಿದ್ದಾರೆ.

ಕೆಜಿಎಫ್‌ನಲ್ಲಿ ಬ್ರಿಟಿಷರು ಶುರು ಮಾಡಿದ ಗಣಿಗಾರಿಕೆ ನೂರು ವರ್ಷಕ್ಕೂ ಜಾಸ್ತಿ ನಡೆಯಿತು. ಚಿನ್ನ ಹೋಯಿತು. ಊರಿನವರಿಗೆ ಉಳಿದದ್ದು ಸೈನೈಡ್ ದಿಬ್ಬ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ರಾಶಿ. ಗಾಳಿ ಬೀಸಿದರೆ ಆ ಧೂಳು ಮನೆಯೊಳಗೆ. ಧೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಎದೆಗೂಡಿಗೆ ಏನು ಮಾಡುತ್ತದೆ ಅಂತ ಮೇಷ್ಟ್ರಿಗೆ ನಾನು ಹೇಳಬೇಕಾಗಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರಲ್ಲಿ ಸಿಲಿಕೋಸಿಸ್ ಬಂದವರಿದ್ದರು.

ನಾನು ಕಂತನ್ನು ಬೈಯುತ್ತಿಲ್ಲ. ಇಷ್ಟು ಪ್ರೀತಿ ಇಲ್ಲದಿದ್ದರೆ ಇಷ್ಟು ಜಗಳ ಆಡುತ್ತಿರಲಿಲ್ಲ. ಇದರ ಒಳ್ಳೆಯತನ ಇರುವುದು ಶತ್ರುವಿನ ಮಾತು ಕೇಳಿಸಿಕೊಳ್ಳುವುದರಲ್ಲಿ. ಆದರೆ ಮಾತು ಕೇಳಿಸಿಕೊಂಡ ಮೇಲೆ ಏನು ಅಂತ ಇನ್ನೊಂದು ಕಂತು ಬೇಕಿತ್ತು. ಹತ್ತು ವರ್ಷದ ನಂತರ ಜೇನಸ್ 6ಕ್ಕೆ ಎಂಟರ್‌ಪ್ರೈಸ್ ಮತ್ತೆ ಹೋಗಬೇಕಿತ್ತು. ಗಣಿಯ ಲೆಕ್ಕದ ಪುಸ್ತಕ ತೆಗೆದು ನೋಡಬೇಕಿತ್ತು.

ಒಂದು ಸಂತೋಷದ ವಿಷಯವನ್ನೂ ಹೇಳಿಬಿಡುತ್ತೇನೆ. ಕಥೆಯಲ್ಲಿ ಗಣಿಯ ಆಳದಲ್ಲಿ ಯಾರೂ ನಂಬದ ಜೀವ ಸಿಗುತ್ತದೆ. ನಮ್ಮ ಚಾಂಪಿಯನ್ ರೀಫ್ ಆಳದಲ್ಲಿ 1965ರಲ್ಲಿ ಭಾರತ, ಜಪಾನ್, ಬ್ರಿಟನ್ ವಿಜ್ಞಾನಿಗಳು ಸೇರಿ ವಾತಾವರಣದ ನ್ಯೂಟ್ರಿನೋಗಳನ್ನು ಪತ್ತೆ ಮಾಡಿದರು. ಅಷ್ಟು ಬಂಡೆ ಮೇಲಿದ್ದರೆ ಬೇರೆ ಕಣಗಳ ಗದ್ದಲ ತಡೆಯುತ್ತದೆ, ಅದಕ್ಕೇ ಅಷ್ಟು ಕೆಳಗೆ ಹೋದದ್ದು. ಆ ಉಪಕರಣ ಇದ್ದ ಕಡೆಗೂ ಕೇಜ್‌ನಲ್ಲಿ ಇಳಿಸಿ ಕರೆದೊಯ್ದವರು ಗಣಿ ಕೆಲಸಗಾರರೇ.

ಮೊದಲ ಸಲ ನೋಡ್ತಿರೋಳು

ಕೆಜಿಎಫ್ ಅಣ್ಣ, ಇದನ್ನೆಲ್ಲ ಓದಿ ನನಗೆ ಹಾರ್ಟಾ ಬರೆದ ಅಕ್ಷರ ಮತ್ತೆ ಜ್ಞಾಪಕ ಬಂತು. ಅದು ‘ಕೊಲ್ಲಬೇಡ’ ಅಂತ ಬರೆದದ್ದು ಸ್ಪಾಕ್‌ನ ಮನಸ್ಸಿನಿಂದ ಭಾಷೆ ಕಲಿತ ಮರುಕ್ಷಣ. ಮುಂದೆ ಇನ್ನಷ್ಟು ಕಲಿತಿದ್ದರೆ ಕೂಲಿಯ ಬಗ್ಗೆಯೂ ಬರೆಯುತ್ತಿತ್ತೇನೋ.

ಮೂರನೇ ಸೀಸನ್ ಚೆನ್ನಾಗಿಲ್ಲ, ಬಿಟ್ಟುಬಿಡು ಅಂತ ಎಲ್ಲರೂ ಹೇಳುತ್ತಾರೆ. ನಾವು ಬಿಡುತ್ತೇವಾ?

ರಂಗಸಜ್ಜಿಕೆ

ಬಿಡಬಾರದು. ಎರಡನೇ ಸೀಸನ್ ಮುಗಿಯುವ ಹೊತ್ತಿಗೆ ನಿಲ್ಲಿಸಿಬಿಡುತ್ತಾರೆ ಅನ್ನೋ ಸುದ್ದಿ ಹಬ್ಬಿತ್ತು. ಬೀಜೋ ಟ್ರಿಂಬಲ್ ಮತ್ತು ಅವರ ಗಂಡ ಜಾನ್ ಅಭಿಮಾನಿಗಳಿಂದ ರಾಶಿ ರಾಶಿ ಕಾಗದ ಬರೆಸಿದರು. 1968ರ ಜನವರಿಯಲ್ಲಿ ಕ್ಯಾಲ್ಟೆಕ್ ವಿದ್ಯಾರ್ಥಿಗಳು ಬರ್ಬ್ಯಾಂಕ್‌ನ ಎನ್‌ಬಿಸಿ ಕಚೇರಿಗೆ ಮೆರವಣಿಗೆ ಹೋದರು. ಮೂರನೇ ಸೀಸನ್ ಸಿಕ್ಕಿತು, ಆದರೆ ಶುಕ್ರವಾರ ರಾತ್ರಿ ಹತ್ತಕ್ಕೆ. ನೋಡಬೇಕಾದ ಹುಡುಗರೆಲ್ಲ ಹೊರಗೆ ಇರುವ ಹೊತ್ತು. ಖರ್ಚನ್ನೂ ಕಡಿತ ಮಾಡಿದರು. 1969ರ ಜೂನ್ 3ರಂದು 79ನೇ ಕಂತಿಗೆ ಮುಗಿಯಿತು. ಅಷ್ಟು ಕಷ್ಟದಲ್ಲಿ ಕೆಲಸ ಮಾಡಿದವರ ಕಂತುಗಳನ್ನು ನಾವು ಕೂತು ನೋಡೋಣ. ಕೆಲವು ನಿಜವಾಗಿಯೂ ಕಳಪೆ, ಅದನ್ನೂ ಹೇಳೋಣ.

ಭಾನುವಾರದ ಬೆಳಗು

ಮೂರನೇ ಸೀಸನ್ ಪೂರ್ತಿ ನೋಡುತ್ತೇವೆ. ಅದರಲ್ಲಿ ಅನುಮಾನ ಬೇಡ.

ಮುಂದಿನ ವಾರ ‘ಎರಂಡ್ ಆಫ್ ಮರ್ಸಿ’, 1967ರ ಮಾರ್ಚ್ 23ರದ್ದು. ಸರಣಿಯಲ್ಲಿ ಮನುಷ್ಯರ ಶತ್ರುಗಳಾದ ಕ್ಲಿಂಗನ್ನರು ಮೊದಲ ಸಲ ಬರುವ ಕಂತು. ಕಮಾಂಡರ್ ಕೋರ್ ಪಾತ್ರದಲ್ಲಿ ಜಾನ್ ಕೊಲಿಕೋಸ್. ಬರೆದವರು ಮತ್ತೆ ಕೂನ್. ಇಲ್ಲಿ ಆರ್ಗೇನಿಯಾ ಎಂಬ ಗ್ರಹಕ್ಕಾಗಿ ಮನುಷ್ಯರೂ ಕ್ಲಿಂಗನ್ನರೂ ಕಿತ್ತಾಡುತ್ತಾರೆ. ಅಲ್ಲಿಯ ಜನರನ್ನು ಇಬ್ಬರೂ ಕೇಳುವುದಿಲ್ಲ. ಕೆಜಿಎಫ್ ಹುಡುಗನ ಪ್ರಶ್ನೆ ಈ ಸಲ ಗ್ರಹದ ಜನರ ಕಡೆಯಿಂದಲೇ ಬರುತ್ತದೆ, ಹೊಸಬರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ. ಸಮಯ ಇದ್ದವರು ‘ಅರೀನಾ’ವನ್ನೂ ಇನ್ನೊಮ್ಮೆ ನೋಡಿ ಬನ್ನಿ, ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಮಾತಾಡೋಣ.

ಕೆಜಿಎಫ್ ಹುಡುಗ

ಬರುತ್ತೇನೆ ಸರ್. ಮೇಷ್ಟ್ರೇ, ನೀವೂ ಬನ್ನಿ, ನನ್ನ ಜಗಳ ಇನ್ನೂ ಮುಗಿದಿಲ್ಲ.